ಯಾವ ಮೂಲೆಯಲ್ಲಿ ನಿಂತಿತು

ಕುಣಿಗಲ್ ಕುದುರೆ ಫಾರಮ್ಮಿನ ಮಾಜಿ ಸಯೀಸ್, ಹದಿನಾಲ್ಕು ಹೆಣ್ಣುಕುದುರೆಗಳ ಏಕಮಾತ್ರ ಸಂರಕ್ಷಕ, ಸದ್ಯ ಕೆರೆ ಏರಿ ಕೆಳಗಿನ ಕಬರಸ್ತಾನದಲ್ಲಿ ಬೇವಿನ ಮರದ ನೆರಳಿನ ಖಾಯಂ ನಿವಾಸಿ ಆದಂಥ ನನ್ನ ನಾನಾ ಅವರ ಘನ ಸನ್ನಿಧಾನಕ್ಕೆ, ತಮ್ಮ ಮಗಳ ಕಿರಿಮಗಳು ಮುನ್ನಿ ಬಗ್ಗಿ ಮಾಡುವ ಸಲಾಮುಗಳು.

ವಿಷಯ: ತಾವು ಫೋನಿನಲ್ಲಿ ಕೊನೆಯದಾಗಿ ಕೇಳಿದ ಪ್ರಶ್ನೆಗೆ ಉತ್ತರ ಸಲ್ಲಿಸುವ ಬಗ್ಗೆ.

ನಗಬೇಡಿ ನಾನಾ. ಸರ್ಕಾರಿ ಕಾಗದದ ಧಾಟಿ ಅಂದರೆ ನನಗೆ ಎಷ್ಟು ಇಷ್ಟ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಯಲ್ಲಿ ಆಡುವ ಉರ್ದುವಿನಲ್ಲೇ ಬರೆಯಬಹುದಿತ್ತು. ಆದರೆ ಅದನ್ನು ಬರೆಯಲು ನನಗೆ ಬರುವುದಿಲ್ಲ, ಓದಲು ನಿಮಗೆ ಬರುತ್ತಿರಲಿಲ್ಲ. ನೀವು ನಾಲ್ಕನೇ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲಿ ಲಾಯದ ಬಾಗಿಲುಗಳ ಮೇಲೆ ಒಂದೊಂದೇ ಅಕ್ಷರ ಬರೆಯುತ್ತಿದ್ದವರು. ಹಾಗಾಗಿ ಕನ್ನಡ. ಇವತ್ತು ನೀವು ಹೋಗಿ ನಲವತ್ತನೇ ದಿನ. ಫಾತಿಹಾ ಆಯಿತು, ಊಟ ಆಯಿತು, ಮಾಮು ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ನಾನು ನಿಮ್ಮ ಹಗ್ಗದ ಮಂಚದ ಮೇಲೆ ಕೂತಿದ್ದೇನೆ. ನಿಮ್ಮ ಬೆನ್ನಿನ ಗುಂಡಿ ಇನ್ನೂ ಹಾಗೇ ಇದೆ, ನನಗೆ ಸ್ವಲ್ಪ ದೊಡ್ಡದು.

ನನಗೆ ಎಂಟು ವರ್ಷವಿದ್ದಾಗ ನೀವು ನನ್ನನ್ನು ಲಾಯಕ್ಕೆ ಕರೆದುಕೊಂಡು ಹೋದ ಆ ಬೆಳಿಗ್ಗೆ ನೆನಪಿದೆಯಾ? ಪಶು ಡಾಕ್ಟರು ಭುಜದವರೆಗೂ ಉದ್ದದ ಕೈಗವಸು ಹಾಕಿಕೊಂಡು, ಕುದುರೆಯ ಹಿಂದೆ ನಿಂತು, ಪೂರಾ ತೋಳನ್ನು ಒಳಗೆ ಇಳಿಸಿದ್ದರು. ನೀವು ಬಾಲ ಹಿಡಿದುಕೊಂಡು ಆಕಾಶ ನೋಡುತ್ತಿದ್ದಿರಿ. ನನಗೆ ನಗು ತಡೆಯಲಾಗಲಿಲ್ಲ. ‘ನಗಬೇಡ ಕಣೇ ಮುನ್ನಿ. ಒಳಗೆ ಯಾರೋ ಬಂದವ್ರೆ’ ಅಂದಿರಿ. ಯಾರೋ ಬಂದಿದೆ ಅಲ್ಲ, ಬಂದವ್ರೆ. ಡಾಕ್ಟರ ಪುಟ್ಟ ಟೀವಿಯಲ್ಲಿ ಬೂದಿ ಬಣ್ಣದ ಮಂಜು, ಅದರ ನಡುವೆ ನೇರಳೆ ಹಣ್ಣಿನಷ್ಟು ಗುಂಡಗಿನ ಕಪ್ಪು. ‘ಎಡ’ ಅಂದರು ಡಾಕ್ಟರು. ನೀವು ಬಾಗಿಲ ಮೇಲೆ ಸೀಮೆಸುಣ್ಣದಿಂದ ‘ಎ’ ಅಂತ ಬರೆದಿರಿ. ಮಾರನೇ ದಿನ ಅದೇ ಕುದುರೆ, ಅದೇ ಟೀವಿ, ಕಪ್ಪು ಮಾತ್ರ ಬಲಕ್ಕೆ ಹೋಗಿತ್ತು. ನೀವು ‘ಎ’ ಅಳಿಸಿ ‘ಬ’ ಬರೆದಿರಿ.

ಆವತ್ತು ಮನೆಗೆ ನಡೆದುಕೊಂಡು ಬರುವಾಗ ನೀವು ಹೇಳಿದ್ದನ್ನು ನಾನು ನಂಬಲಿಲ್ಲ. ಕುದುರೆಯ ಬಸಿರಲ್ಲಿ ಮೊದಲ ಹದಿನಾರು ದಿನ ಅವರು ಒಂದು ಕಡೆ ನಿಲ್ಲುವುದಿಲ್ಲವಂತೆ. ಎರಡು ಕೊಂಬಿನ ಹಾಗೆ ಕವಲೊಡೆದ ಆ ಗರ್ಭಕೋಶದ ತುದಿಯಿಂದ ತುದಿಗೆ ಉರುಳಾಡುತ್ತ, ಒಂದೊಂದು ಗೋಡೆಯನ್ನೂ ಮುಟ್ಟಿ ‘ನಾನು ಬಂದಿದೀನಿ, ನಾನು ಬಂದಿದೀನಿ’ ಅಂತ ಹೇಳಿಕೊಂಡು ಬರುತ್ತಾರಂತೆ. ಎಲ್ಲ ಗೋಡೆಗಳಿಗೂ ಸುದ್ದಿ ಮುಟ್ಟಲಿಲ್ಲವೋ, ಯಾರೂ ಬಂದಿಲ್ಲ ಅಂದುಕೊಂಡು ಕುದುರೆಯ ಮೈ ಮತ್ತೆ ಮೊದಲಿನಿಂದ ಶುರು ಮಾಡುತ್ತದಂತೆ. ಸುದ್ದಿ ಮುಟ್ಟಿಸಿ ಮುಗಿಸಿದವರು ಒಂದು ದಿನ ಒಂದು ಮೂಲೆಯಲ್ಲಿ ನಿಲ್ಲುತ್ತಾರೆ. ಆವತ್ತು ನೀವು ಬಾಗಿಲ ಮೇಲಿನ ಅಕ್ಷರಕ್ಕೆ ಒಂದು ಸುತ್ತು ಎಳೆಯುತ್ತಿದ್ದಿರಿ. ಸುತ್ತು ಬಿದ್ದ ಮೇಲೆ ಆ ಬಾಗಿಲನ್ನು ಯಾರೂ ಒರೆಸುವ ಹಾಗಿಲ್ಲ.

ಹನ್ನೆರಡನೇ ವಯಸ್ಸಿನಲ್ಲಿ ನಾನು ನಿಮಗೆ ಮಾಡಿದ ಅಪಮಾನವನ್ನೂ ದಾಖಲಿಸಬೇಕಲ್ಲ. ರಬ್ಬರಿನಲ್ಲಿ ಒಂದು ದುಂಡು ಮೊಹರು ಕೆತ್ತಿ, ನಡುವೆ ಕುದುರೆ ಬಿಡಿಸಿ, ನೇರಳೆ ಶಾಯಿ ಒತ್ತಿ, ಇದೇ ಮನೆಯ ಬಾಗಿಲಿಗೆ ಪ್ರಕಟಣೆ ಅಂಟಿಸಿದ್ದೆ: ‘ಕಾಣೆಯಾಗಿದ್ದಾರೆ. ತಾಯಿಯ ಹೊಟ್ಟೆಯೊಳಗೇ ಅಲೆದಾಡುತ್ತಿರುವ ಕುದುರೆ ಮರಿ. ಕಂಡವರು ಸಯೀಸ್ ಸಾಹೇಬರಿಗೆ ತಿಳಿಸತಕ್ಕದ್ದು. ಬಹುಮಾನ: ಒಂದು ಬೀಡಿ.’ ಬೀದಿಯೆಲ್ಲ ಓದಿ ನಕ್ಕಿತು. ನೀವು ಬೈಯಲಿಲ್ಲ. ಅದನ್ನು ಹುಷಾರಾಗಿ ಕಿತ್ತು, ಮಡಿಸಿ, ಜೇಬಿಗೆ ಹಾಕಿಕೊಂಡಿರಿ. ‘ಮೊಹರು ಚೆನ್ನಾಗಿದೆ. ಕುದುರೆ ಕಾಲು ಮಾತ್ರ ಮೇಕೆದು’ ಅಂದಿರಿ.

ನನ್ನ ಅಕ್ಕ ಆಪಾಳನ್ನು ಗುಬ್ಬಿಗೆ ಮದುವೆ ಮಾಡಿಕೊಟ್ಟ ದಿನ ನೀವು ಭಾವ ದೂಲಾಭಾಯಿಯ ಸೈಕಲ್ ಶಾಪನ್ನು ಸುತ್ತು ಹಾಕಿ ಬಂದು, ‘ಟ್ಯೂಬ್ ಹಿಡಿಯೋವಾಗ ಕೈ ಮೆತ್ತಗಿದೆ. ಒಳ್ಳೆ ಹುಡುಗ’ ಅಂದಿದ್ದಿರಿ. ಒಳ್ಳೆಯವರೇ. ಎರಡನೇ ವರ್ಷ ಆಪಾಳಿಗೆ ಬಸಿರು ನಿಂತಿತ್ತು, ಮೂರನೇ ತಿಂಗಳಲ್ಲಿ ಹೋಯಿತು. ಉಳಿದದ್ದನ್ನು ಆಸ್ಪತ್ರೆಯಲ್ಲಿ ತೆಗೆಸಿದರು. ಆಮೇಲೆ ಏನೂ ಇಲ್ಲ. ವರ್ಷದ ಮೇಲೆ ವರ್ಷ ಏನೂ ಇಲ್ಲ. ಕೊನೆಗೆ ಬೆಂಗಳೂರಿನಲ್ಲಿ ಗಾಜಿನ ತಟ್ಟೆಯಲ್ಲಿ ನಾಲ್ಕು ಭ್ರೂಣಗಳಾದವು. ಎರಡನ್ನು ಒಳಗೆ ಬಿಟ್ಟರು. ಗುಬ್ಬಿಯ ಅತ್ತೆ, ಅಂದರೆ ದೂಲಾಭಾಯಿಯ ತಾಯಿ, ಮಂಚದ ಕಾಲ ಕಡೆಗೆ ಎರಡೆರಡು ಇಟ್ಟಿಗೆ ಕೊಟ್ಟು, ಆಪಾಳನ್ನು ತಲೆ ತಗ್ಗಿಸಿ ಕಾಲೆತ್ತಿಸಿ ಎರಡು ವಾರ ಮಲಗಿಸಿದರು. ನಿಲ್ಲಲಿಲ್ಲ. ಉಳಿದದ್ದು ಎರಡು. ಬೆಂಗಳೂರಿನಲ್ಲಿ, ಉಸಿರು ಹೆಪ್ಪುಗಟ್ಟುವ ಚಳಿಯ ಡಬ್ಬಿಯೊಳಗೆ. ‘ಇವೆರಡೇ ಕಣೇ ಮುನ್ನಿ. ಇನ್ನೊಂದ್ಸಲ ಅಷ್ಟೆಲ್ಲ ಸೂಜಿ ಚುಚ್ಚಿಸ್ಕೊಳ್ಳೋ ಶಕ್ತಿ ನಂಗಿಲ್ಲ’ ಅಂದಿದ್ದಳು ಆಪಾ. ಅಳದೇ ಅಂದಿದ್ದಳು, ಅದೇ ನನಗೆ ಹೆದರಿಕೆಯಾಗಿದ್ದು.

ಆ ಎರಡಕ್ಕೆ ಆಪಾಳನ್ನು ತಯಾರು ಮಾಡಲಿದ್ದ ತುಮಕೂರಿನ ಡಾಕ್ಟರಮ್ಮನ ಕೋಣೆಯಲ್ಲಿ ಮೊದಲ ದಿನ ಕೂತಾಗ ನನಗೆ ಜಂಬ. ಶೆಟ್ಟಿಹಳ್ಳಿಯ ನಮ್ಮ ಮನೆಯಿಂದ ಆಪಾಳ ಜೊತೆ ಹೋಗುವ ಅಧಿಕೃತ ಪ್ರತಿನಿಧಿ ನಾನು ತಾನೆ? ಅಮ್ಮಿಗೆ ಸ್ಕ್ಯಾನ್ ಕೋಣೆ ಅಂದರೇ ತಲೆ ಸುತ್ತು. ಡಾಕ್ಟರಮ್ಮ ಚೀಟಿಯ ಹಿಂದೆ ಒಂದು ಸೀಬೆಹಣ್ಣು ಬರೆದರು. ‘ಇದು ಗರ್ಭಕೋಶ. ಇದರ ಒಳಮೈಗೆ ಒಂದು ಪದರ ಇರ್ತದೆ. ತಿಂಗಳಿಗೊಂದ್ಸಲ ಅದು ಹೊಸದಾಗಿ ಬೆಳೀತದೆ. ಭ್ರೂಣ ಬಂದು ಕೂರೋದು ಅದರಲ್ಲೇ. ಯಾರೂ ಬರಲಿಲ್ಲ ಅಂದ್ರೆ ಕಳಚಿ ಹೋಗ್ತದೆ. ಮತ್ತೆ ಬೆಳೀತದೆ.’

‘ರಂಜಾನಿಗೆ ಮನೆಗೆ ಸುಣ್ಣ ಬಳಿದ ಹಾಗಾ ಮೇಡಂ?’ ಅಂದೆ ನಾನು, ತುಂಬ ಗಂಭೀರವಾಗಿ.

‘ಸುಣ್ಣ ಬಳಿಯೋದಲ್ಲಮ್ಮ. ಗೋಡೆನೇ ಕಟ್ಟೋದು. ರಕ್ತನಾಳ ಸಮೇತ. ನಿನ್ನೊಳಗೂ ಈಗ ಕಟ್ತಾ ಇದೆ, ನೀನಿಲ್ಲಿ ಜೋಕ್ ಮಾಡ್ತಾ ಕೂತಿರೋವಾಗ.’

ನಾನಾ, ಹನ್ನೆರಡನೇ ವಯಸ್ಸಿನಿಂದ ತಿಂಗಳು ತಿಂಗಳೂ ಹೊಟ್ಟೆನೋವು ಅಂತ ಬೈದುಕೊಂಡಿದ್ದೆನಲ್ಲ, ಅದು ಯಾರೋ ಬರಬಹುದು ಅಂತ ಕಟ್ಟಿದ ಮನೆಯನ್ನು ಬಿಚ್ಚುವ ನೋವಾ? ನನ್ನನ್ನು ಕೇಳದೆ, ನನಗೆ ಹೇಳದೆ? ವಾಪಸ್ ಬರುವಾಗ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೆಂಗಸರನ್ನೇ ನೋಡಿದೆ. ಹೂ ಮಾರುವವಳು, ಕಾಲೇಜು ಹುಡುಗಿಯರು, ಟಿಕೆಟ್ಟಿಗೆ ಜಗಳ ಆಡುತ್ತಿದ್ದವಳು. ಒಬ್ಬೊಬ್ಬರೊಳಗೂ ಗಲಾಟೆಯಿಲ್ಲದೆ ಗೋಡೆ ಏಳುತ್ತಿದೆ, ಇಳಿಯುತ್ತಿದೆ. ಇಡೀ ಬಸ್ ಸ್ಟ್ಯಾಂಡೇ ಒಂದು ದೊಡ್ಡ ಕಟ್ಟೋಣದ ಕೆಲಸ, ಮೇಸ್ತ್ರಿ ಮಾತ್ರ ಎಲ್ಲೂ ಕಾಣುವುದಿಲ್ಲ.

ಆಪಾಳ ಪದರ ಐದೂವರೆ ಮಿಲಿಮೀಟರ್ ಅಂತ ಗೊತ್ತಾದ ಸಂಜೆ ನಾನು ಸ್ಕೇಲ್ ತೆಗೆದು ನೋಡಿದೆ. ಐದು ಗೆರೆ, ಮೇಲೊಂದು ಅರ್ಧ. ಏಳಾದರೂ ಬೇಕಂತೆ. ಎಂಟಾದರೆ ಇನ್ನೂ ಒಳ್ಳೆಯದಂತೆ. ಗೋರಂಟಿ ಬಳಿದ ಉಗುರಿನಂಚಿನ ಬಿಳಿಯಷ್ಟು ಜಾಗ, ಅಷ್ಟಕ್ಕಾಗಿ ಗುಬ್ಬಿ, ತುಮಕೂರು, ಕುಣಿಗಲ್ ಮೂರೂ ಊರು ಉಸಿರು ಬಿಗಿಹಿಡಿದು ಕೂತಿದ್ದವು. ನಿಮಗೆ ಫೋನ್ ಮಾಡಿದಾಗ ನೀವು ಕೇಳಿದ್ದು ಒಂದೇ. ‘ದಪ್ಪ ಒಂದೇ ಅಳೀತಾರಾ? ಅದರ ಮೈ ಹೆಂಗಿದೆ ನೋಡಲ್ವಾ?’ ನಾನು ನಿಮ್ಮ ಪ್ರಶ್ನೆಯನ್ನು ಡಾಕ್ಟರಮ್ಮನ ಮುಂದೆ ಇಟ್ಟೆ. ಅವರು ಪೆನ್ನು ಕೆಳಗಿಟ್ಟರು.

‘ನಿಮ್ಮ ತಾತ ಏನ್ ಕೆಲಸ ಮಾಡ್ತಿದ್ರು?’

‘ಹೆರಿಗೆ ಇಲಾಖೆ ಮೇಡಂ. ಕುದುರೆ ವಿಭಾಗ.’

‘ಅವರು ಕೇಳಿರೋದು ಸರಿಯಾಗಿದೆ. ದಪ್ಪ ಇದ್ದ ಮಾತ್ರಕ್ಕೆ ನಿಲ್ಲುತ್ತೆ ಅಂತಿಲ್ಲ, ತೆಳುವಾಗಿದ್ದ ಮಾತ್ರಕ್ಕೆ ನಿಲ್ಲಲ್ಲ ಅಂತಲೂ ಇಲ್ಲ. ಅದರ ರೂಪ ನೋಡ್ತೀವಿ, ದಿನ ನೋಡ್ತೀವಿ. ಪದರ ಬಾಗಿಲು ತೆಗೆಯೋದು ತಿಂಗಳಲ್ಲಿ ಮೂರ್ನಾಲ್ಕು ದಿನ ಅಷ್ಟೇ. ಅದಕ್ಕಿಂತ ಮೊದಲು ಬಂದರೂ ಇಲ್ಲ, ತಡವಾಗಿ ಬಂದರೂ ಇಲ್ಲ.’ ಆಪಾಳ ಒಳಮೈಯಲ್ಲಿ ಹಳೇ ಗಾಯದ ಕಲೆ ಇರಬಹುದು, ಎರಡು ಗೋಡೆ ಅಲ್ಲಲ್ಲಿ ಅಂಟಿಕೊಂಡಿರಬಹುದು, ಈ ತಿಂಗಳು ಬಿಟ್ಟು ಮೊದಲು ಅದನ್ನು ಸರಿ ಮಾಡೋಣ ಅಂದರು.

ಗುಬ್ಬಿಯ ಅತ್ತೆ ಒಪ್ಪಲಿಲ್ಲವಲ್ಲ, ಆವತ್ತು ನೀವು ಕೋಟು ಹಾಕಿಕೊಂಡು ಹೊರಟ ಗತ್ತು! ಅತ್ತೆ ಕೆಟ್ಟವರಲ್ಲ ನಾನಾ, ಹೆದರಿದವರು. ‘ಐದೂವರೆಯೋ ಆರೋ, ಕೊಡೋನು ಅಲ್ಲಾಹ್. ಮುಂದಕ್ಕೆ ಹಾಕ್ತಾ ಹಾಕ್ತಾ ನನ್ನ ಕಣ್ಣೇ ಮುಚ್ಚಿ ಹೋಗ್ತದೆ’ ಅನ್ನುತ್ತಿದ್ದರು. ನೀವು ಅವರ ನಡುಮನೆಯಲ್ಲಿ ಕೂತು ಚಹಾ ಕುಡಿದಿರಿ. ಅತ್ತೆ ಪರದೆಯ ಹಿಂದೆ. ಆಪಾಳ ಹೆಸರನ್ನೇ ನೀವು ಎತ್ತಲಿಲ್ಲ. ಹೆಣ್ಣುಮಕ್ಕಳ ಒಡಲಿನ ವಿಷಯ ಬೀಗರ ಮುಂದೆ ಯಾವ ಗಂಡಸು ಆಡುತ್ತಾನೆ? ನೀವು ಚಾಂದನಿ ಅನ್ನುವ ಬಿಳಿ ಕುದುರೆಯ ಕತೆ ಶುರು ಮಾಡಿದಿರಿ. ಚಾಂದನಿಗೆ ಒಂದು ಸಲ ಹೊಟ್ಟೆಯಲ್ಲಿದ್ದದ್ದು ಹೋಗಿತ್ತಂತೆ, ಒಳಗೆ ಕಲೆ ಉಳಿದಿತ್ತಂತೆ. ಫಾರಮ್ಮಿನ ಸಾಹೇಬರಿಗೆ ಅವಸರವಂತೆ. ಪಶು ಡಾಕ್ಟರು ಮಾತ್ರ ‘ಈ ಸಲ ಬೇಡ, ಹುಲ್ಲಿಗೆ ಬಿಡಿ’ ಅಂದರಂತೆ. ದೂಲಾಭಾಯಿ ತಲೆ ತಗ್ಗಿಸಿ ನೆಲದ ಮೇಲಿನ ಇರುವೆ ಎಣಿಸುತ್ತಿದ್ದರು. ಪರದೆಯ ಹಿಂದಿನಿಂದ ಬಳೆ ಸದ್ದಾಯಿತು.

‘ಆಮೇಲೆ? ಆ ಕುದುರೆಗೆ ಏನಾಯ್ತು?’ ಅತ್ತೆಯ ದನಿ.

ನೀವು ಸಾಸರಿಗೆ ಚಹಾ ಬಗ್ಗಿಸಿ, ಊದಿ, ಒಂದು ಗುಟುಕು ಕುಡಿದು, ‘ಕಾದ್ವಿ. ನಿಂತಿತು’ ಅಂದಿರಿ.

ಅಷ್ಟೇ. ಆ ತಿಂಗಳು ಬಿಟ್ಟರು. ಗುಬ್ಬಿಯಿಂದ ಹಿಂದಿರುಗುವ ಬಸ್ಸಿನಲ್ಲಿ ನಾನು ನಿಮ್ಮ ತೋಳು ಅಲುಗಿಸಿ ಚಾಂದನಿಯ ಮರಿ ಹೇಗಿತ್ತು, ಬೆಳ್ಳಗಿತ್ತಾ ಅಂತ ಕೇಳಿದೆ. ನೀವು ಟಿಕೆಟ್ಟನ್ನು ಮಡಿಸಿ ಜೇಬಿಗೆ ಹಾಕಿಕೊಂಡಿರಿ. ‘ಚಾಂದನಿಗೆ ನಿಲ್ಲಲೇ ಇಲ್ಲ ಕಣೇ. ಅವಳ ಬಾಗಿಲ ಮೇಲೆ ನಾನು ಸುತ್ತು ಎಳೆದಿದ್ದೇ ಇಲ್ಲ. ಆಗ ಯಾರೂ ಕಾಯಲಿಲ್ಲ.’ ಎಷ್ಟು ಸಲೀಸಾಗಿ ಸುಳ್ಳು ಹೇಳಿದಿರಿ ನಾನಾ! ಇಡೀ ಮನೆತನದಲ್ಲಿ ಕಳ್ಳ ಕಾಗದ ಹುಟ್ಟಿಸುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಮೊಹರೇ ಇಲ್ಲದೆ ಕೆಲಸ ಮುಗಿಸುವವರು ನನ್ನ ಪಕ್ಕದಲ್ಲೇ ಕೂತಿದ್ದರು.

ಆಪಾಳ ಒಳಗೆ ಸಣ್ಣ ದುರ್ಬೀನು ಇಳಿಸಿ, ಅಂಟಿಕೊಂಡಿದ್ದ ಗೋಡೆಗಳನ್ನು ನಾಜೂಕಾಗಿ ಬಿಡಿಸಿದ ಮೇಲೆ ಮಾತ್ರೆಗಳು ಶುರುವಾದವು. ಆಮೇಲಿನ ಸ್ಕ್ಯಾನುಗಳನ್ನು ನಾನು ಕ್ರಿಕೆಟ್ ಸ್ಕೋರಿನ ಹಾಗೆ ನಿಮಗೆ ಫೋನಿನಲ್ಲಿ ಕೂಗಿ ಹೇಳುತ್ತಿದ್ದೆನಲ್ಲ. ಆರು. ಆರೂವರೆ. ಮೂರು ದಿನ ಅಲ್ಲೇ. ಏಳು ಕಾಲು. ಎಂಟು ಆದ ದಿನ ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ‘ನೋಡು, ನಿಮ್ಮ ತಾತ ಕೇಳಿದ ಮೈ.’ ಸಿಪ್ಪೆ ಸುಲಿದ ಬಾದಾಮಿಯನ್ನು ಉದ್ದಕ್ಕೆ ಸೀಳಿಟ್ಟ ಹಾಗೆ, ಆಚೆಗೊಂದು ಈಚೆಗೊಂದು ನಡುವೆ ಒಂದು, ಮೂರು ಬೆಳ್ಳನೆ ಗೆರೆ. ಆಪಾ ಮಲಗಿದ್ದಲ್ಲಿಂದ ‘ಏನು? ಏನಾಯ್ತು? ಯಾಕೆ ಸುಮ್ಮನಿದೀಯ?’ ಅಂತ ಕೇಳುತ್ತಿದ್ದಳು. ನಾನು ಏನು ಹೇಳಲಿ? ಅವಳ ಮದುವೆಯವರೆಗೂ ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ, ಅವಳೊಳಗೆ ಇಷ್ಟು ಚೆಂದದ್ದೊಂದು ಇದೆ ಅಂತ ನನಗೆ ಯಾರೂ...

ಬೆಂಗಳೂರಿನಲ್ಲಿ ಆ ಎರಡನ್ನು ಬಿಡುವಾಗಲೂ ನಾನಿದ್ದೆ. ಈ ಕಾಗದದಲ್ಲಿ ವಾಕ್ಯ ಮುಗಿಸಲು ಇಡುತ್ತಿದ್ದೇನಲ್ಲ, ಈ ಚುಕ್ಕೆಗಿಂತ ಸಣ್ಣವು. ಕೂದಲಿನಂಥ ಮೆತ್ತನೆ ಕೊಳವೆಯಲ್ಲಿ ಒಂದು ಹನಿ ಹೋಯಿತು, ಪರದೆಯ ಮೇಲೆ ಏನೋ ಮಿಣುಕ್ ಅಂತು, ಮುಗಿಯಿತು. ಹೊರಗೆ ಬಂದು ನಿಮಗೆ ಫೋನ್ ಮಾಡಿದೆ. ನೀವು ಸಂಭ್ರಮ ಪಡುತ್ತೀರಿ ಅಂದುಕೊಂಡರೆ ಜೋರು ಮಾಡಿದಿರಿ. ‘ಮಲಗಿಸಬೇಡ್ರೇ ಅವಳನ್ನ! ಅವರು ಸುತ್ತಾಡ್ಬೇಕು, ಗೋಡೆಗೆಲ್ಲ ಹೇಳ್ಕೊಂಡ್ ಬರ್ಬೇಕು. ಇವಳು ಬಿದ್ಕೊಂಡಿದ್ರೆ ಅವರು ಹೆಂಗೆ ಮೂಲೆ ಹುಡುಕ್ತಾರೆ? ನಡೀಲಿ.’

ಡಾಕ್ಟರಮ್ಮನಿಗೆ ಇದನ್ನು ಹೇಳಿದಾಗ ಅವರು ನಕ್ಕು ಸುಸ್ತಾದರು. ಕುದುರೆಯ ಭ್ರೂಣ ಉರುಳಾಡುವುದು ನಿಜವಂತೆ, ನೀವು ಹೇಳಿದ ಲೆಕ್ಕವೂ ಸರಿಯಂತೆ. ಹೆಂಗಸರಲ್ಲಿ ಮಾತ್ರ ಹಾಗಲ್ಲವಂತೆ. ಕವಲಿಲ್ಲದ ಒಂದೇ ಕೋಣೆ. ಒಂದೆರಡು ದಿನ ತೇಲಿ, ಪದರದ ಒಂದು ಕಡೆ ಆತುಕೊಂಡು, ಆಮೇಲೆ ಮೆಲ್ಲಗೆ ಅದರೊಳಕ್ಕೇ ಇಳಿದು ಮುಚ್ಚಿಕೊಳ್ಳುತ್ತದಂತೆ. ಪದರವೂ ಸುಮ್ಮನೆ ಬಿದ್ದಿರುವುದಿಲ್ಲ, ಬಂದವರನ್ನು ಅದೂ ವಿಚಾರಿಸುತ್ತದೆ, ಜಾಗ ಮಾಡಿಕೊಡುತ್ತದೆ, ಕೆಲವರಿಗೆ ಮಾಡಿಕೊಡುವುದಿಲ್ಲ. ‘ಮಲಗಿದರೆ ಅಂಟಿಕೊಳ್ಳುತ್ತೆ, ನಡೆದರೆ ಬೀಳುತ್ತೆ ಅನ್ನೋದು ಸುಳ್ಳು. ಓಡಾಡಲಿ. ನಿಮ್ಮ ತಾತ ಕೊಟ್ಟ ಕಾರಣ ತಪ್ಪು, ಸಲಹೆ ಸರಿ.’

ಗುಬ್ಬಿಗೆ ಬಂದು ನೋಡಿದರೆ ಮಂಚದ ಕೆಳಗೆ ಇಟ್ಟಿಗೆ ಆಗಲೇ ಬಂದಿದ್ದವು. ಡಾಕ್ಟರಮ್ಮ ಹೀಗಂದರು ಅಂದೆ. ‘ಬಾಯಲ್ಲಿ ಯಾರು ಏನು ಬೇಕಾದರೂ ಅಂತಾರೆ’ ಅಂದರು ಅತ್ತೆ. ಆಗ ನಾನು ಅಪರಾಧ ಮಾಡಿದೆ, ತಪ್ಪೊಪ್ಪಿಗೆ ಇಲ್ಲಿದೆ. ಶೆಟ್ಟಿಹಳ್ಳಿಗೆ ಹೋಗಿ ಹಳೇ ಮೊಹರು ಹುಡುಕಿ, ಆದೇಶ ಬರೆದೆ: ‘ಗರ್ಭದೊಳಗಿನ ಗೌರವಾನ್ವಿತ ಅತಿಥಿಗಳ ಹಿತದೃಷ್ಟಿಯಿಂದ ಸದರಿ ರೋಗಿಯು ದಿನಕ್ಕೆರಡು ಬಾರಿ ನಡೆದಾಡತಕ್ಕದ್ದು. ಮಂಚದಡಿಯ ಇಟ್ಟಿಗೆಗಳನ್ನು ಈ ಕೂಡಲೇ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು.’ ಅತ್ತೆಗೆ ಕನ್ನಡ ಓದಲು ಬಾರದು, ದುಂಡು ಮೊಹರು ಮಾತ್ರ ಗೊತ್ತು. ಮಗನ ಕೈಗೆ ಕೊಟ್ಟರು. ದೂಲಾಭಾಯಿ ಪೂರ್ತಿ ಓದಿದರು. ಮೇಕೆ ಕಾಲಿನ ಕುದುರೆಯನ್ನು ನೋಡಿದರು. ನನ್ನನ್ನು ನೋಡಿದರು. ‘ಅಮ್ಮಾ, ಆರ್ಡರ್ ಬಂದಿದೆ’ ಅಂದರು, ಕಣ್ಣು ಮಿಟುಕಿಸದೆ. ಅತ್ತೆ ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಹಿತ್ತಿಲಲ್ಲಿ ಪೇರಿಸಿದರು. ಆದೇಶವನ್ನು ಗೋಡೆಗೆ ಅಂಟಿಸಿದರು. ಆಮೇಲೆ ನಾನು ಲೆಕ್ಕ ಹಾಕಿದೆ ನಾನಾ. ಕೊನೆಯ ಎರಡು. ಇವೂ ನಿಲ್ಲದೆ ಹೋದರೆ? ಮುಂದೆ ಜೀವಮಾನವೆಲ್ಲ ಅತ್ತೆ ಆ ಕಾಗದದ ಕಡೆ ನೋಡುತ್ತಾರೆ, ಆಪಾ ನನ್ನ ಕಡೆ ನೋಡುತ್ತಾಳೆ...

ಎಂಟನೇ ದಿನ ಸಂಜೆ ನಿಮ್ಮ ಫೋನ್ ಬಂತು. ಆಪಾ ಅಂಗಳದಲ್ಲಿ ನಡೆಯುತ್ತಿದ್ದಳು, ಅತ್ತೆ ಅವಳ ಹಿಂದೆಯೇ ತಸ್ಬೀಹ್ ಮಣಿ ಎಣಿಸುತ್ತ ನಡೆಯುತ್ತಿದ್ದರು. ನೀವು ಕೆಮ್ಮಿದಿರಿ, ಬೀಡಿ ಇಲ್ಲ ಅಂತ ಆಣೆ ಹಾಕಿದಿರಿ, ಆಮೇಲೆ ಅಂದಿರಿ: ‘ನಿಂತ ಮೇಲೆ ಯಾವ ಮೂಲೆ ಅಂತ ಕೇಳ್ಕೊಂಡ್ ಬಾ. ಮರೀಬೇಡ. ಯಾವ ಮೂಲೇಲಿ ನಿಂತರು?’

ಒಂಬತ್ತನೇ ದಿನ ಬೆಳಿಗ್ಗೆ ಮಾಮುವಿನ ಫೋನ್. ನಮಾಜಿಗೆ ಎದ್ದವರು ಬಾವಿಕಟ್ಟೆಯ ಹತ್ತಿರ ಕೂತಿರಂತೆ, ಹಾಗೇ ಒರಗಿದಿರಂತೆ. ಆಪಾ ಬುರ್ಖಾ ಹಾಕಿಕೊಂಡು ಬಾಗಿಲಿಗೆ ಬಂದಳು. ಅತ್ತೆ ಅಡ್ಡ ನಿಂತಿದ್ದರು. ಗುಬ್ಬಿಯಿಂದ ಕುಣಿಗಲ್, ನಡುವೆ ಬಸ್ ಬದಲು, ದಾರಿಯುದ್ದಕ್ಕೂ ಹಂಪು. ಅತ್ತೆ ಗೋಡೆಯ ಕಡೆ ಬೆರಳು ತೋರಿಸಿ ನನ್ನನ್ನು ಕೇಳಿದರು: ‘ಆ ಕಾಗದದಲ್ಲಿ ಬಸ್ ಅಂತ ಬರೆದಿದೆಯಾ?’ ಡಾಕ್ಟರಮ್ಮ ಓಡಾಡಲಿ ಅಂದಿದ್ದು ನಿಜ, ಬಸ್ಸಿನ ಮಾತು ಯಾರೂ ಎತ್ತಿರಲಿಲ್ಲ. ಆಪಾ ನನ್ನನ್ನೇ ನೋಡುತ್ತಿದ್ದಳು. ನನಗೆ ಗುಬ್ಬಿಯ ನಡುಮನೆ, ಸಾಸರು, ನೀವು ಊದಿದ ಚಹಾ ಕಂಡವು. ‘ಬರೆದಿದೆ ಅತ್ತೆ’ ಅಂದೆ.

ಅತ್ತೆ ಒಳಗೆ ಹೋದರು. ಜಗಳಕ್ಕೆ ಅಂದುಕೊಂಡೆ. ತಮ್ಮ ಬುರ್ಖಾ ಹಾಕಿಕೊಂಡು, ತಮ್ಮ ತಲೆದಿಂಬನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಎರಡೂ ಬಸ್ಸಿನಲ್ಲಿ ಆಪಾಳನ್ನು ಆ ದಿಂಬಿನ ಮೇಲೆ ಕೂರಿಸಿ, ಹಂಪು ಬಂದಾಗಲೆಲ್ಲ ಎರಡೂ ಕೈಯಲ್ಲಿ ಅವಳ ಸೊಂಟವನ್ನು ಅದುಮಿ ಹಿಡಿದರು. ಡ್ರೈವರನಿಗೆ ‘ಮೆಲ್ಲಗೆ ಹೋಗಪ್ಪಾ’ ಅಂತ ಎಷ್ಟು ಸಲ ಕೂಗಿದರೋ. ಅವನು ತಿರುಗಿ, ‘ಏನಮ್ಮಾ, ಮೊಟ್ಟೆ ಇಟ್ಕೊಂಡಿದೀಯಾ?’ ಅಂದ. ‘ಹೂಂ ಕಣಪ್ಪ, ಮೊಟ್ಟೆನೇ’ ಅಂದರು ಅತ್ತೆ. ಆ ದುಃಖದಲ್ಲೂ ಆಪಾ ನಕ್ಕುಬಿಟ್ಟಳು ನಾನಾ. ನಿಮ್ಮ ಮುಖ ನೋಡಲು ಬರುತ್ತಿದ್ದ ದಾರಿಯಲ್ಲಿ. ನೀವು ಬೇಜಾರು ಮಾಡಿಕೊಳ್ಳುವುದಿಲ್ಲ, ಅಲ್ಲವಾ?

ನಿಮ್ಮನ್ನು ಎತ್ತಿಕೊಂಡು ಹೋದ ಮೇಲೆ ಅಮ್ಮಿ ನಿಮ್ಮ ತಗಡಿನ ಪೆಟ್ಟಿಗೆ ತೆಗೆದಳು. ಕೋಟು, ರೇಷನ್ ಕಾರ್ಡು, ಒಂದು ಹಿಡಿ ಸೀಮೆಸುಣ್ಣದ ತುಂಡು. ಅವುಗಳ ಅಡಿಯಲ್ಲಿ, ನಾಲ್ಕು ಮಡಿಕೆಯ ಒಂದು ಕಾಗದ. ಕಾಣೆಯಾಗಿದ್ದಾರೆ. ಬಹುಮಾನ: ಒಂದು ಬೀಡಿ. ಅದನ್ನು ಯಾಕೆ ಇಟ್ಟುಕೊಂಡಿದ್ದಿರಿ? ನಾನು ನಿಮ್ಮನ್ನು ನಂಬದೆ ಬರೆದದ್ದು ಅದು.

ಹದಿನಾಲ್ಕನೇ ದಿನದ ರಕ್ತಪರೀಕ್ಷೆಯ ಫಲಿತಾಂಶ ಕೈಗೆ ಬಂದಾಗ ನಾವು ಯಾರೂ ಕುಣಿಯಲಿಲ್ಲ. ನಿಂತಿದೆ ಅಂದರು. ಮೊದಲ ಸಲವೂ ನಿಂತ ಮೇಲೆಯೇ ಹೋಗಿತ್ತಲ್ಲ. ಹೋದ ವಾರ ಸ್ಕ್ಯಾನ್. ಅತ್ತೆ ಹಟ ಮಾಡಿ ಬಂದರು, ಜೊತೆಗೆ ಗೋಡೆಯಿಂದ ಕಿತ್ತ ಆದೇಶ! ‘ನೀವು ಹೇಳಿದ ಹಾಗೇ ನಡೆಸಿದೀವಿ ಡಾಕ್ಟರಮ್ಮ’ ಅಂತ ಮೇಜಿನ ಮೇಲೆ ಹರಡಿದರು. ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಡಾಕ್ಟರಮ್ಮ ಓದಿದರು. ಇನ್ನೊಂದು ಸಲ ಓದಿದರು. ‘ಮೊಹರಿನಲ್ಲಿ ಮೇಕೆ ಯಾಕಿದೆ?’ ಅಂದರು ನನ್ನ ಕಡೆ ನೋಡಿ. ‘ಕುದುರೆ ಮೇಡಂ’ ಅಂದೆ. ಅವರು ಪೆನ್ನು ತೆಗೆದು ಕೆಳಗೆ ಸಹಿ ಹಾಕಿದರು, ನಾನಾ. ಹಾಕಿ, ‘ಇನ್ಮೇಲೆ ಮೊದಲು ನನ್ನನ್ನು ಕೇಳಿ ಬರಿ’ ಅಂದರು.

ಆಮೇಲೆ ಆ ಬೂದಿ ಬಣ್ಣದ ಮಂಜು ಬಂತು. ಹನ್ನೆರಡು ವರ್ಷದ ಹಿಂದೆ ಲಾಯದಲ್ಲಿ ನೋಡಿದ್ದೇ ಮಂಜು. ನಡುವೆ ಗುಂಡಗೆ ಕಪ್ಪು. ಅದರೊಳಗೆ ಅವರೆಕಾಳಿನಷ್ಟು ಏನೋ, ಆ ಕಾಳಿನೊಳಗೆ ದೀಪದ ಕುಡಿಯಷ್ಟು ಏನೋ ಪಟಪಟ ಅನ್ನುತ್ತಿತ್ತು. ಒಂದೇ. ಎರಡರಲ್ಲಿ ಒಬ್ಬರು ನಿಂತಿದ್ದರು. ಇನ್ನೊಬ್ಬರು ಬಂದು, ವಿಚಾರಿಸಿ, ಹೋದರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಐದೂವರೆ ಗೆರೆಯಷ್ಟೇ ಇದ್ದ ಪದರ. ಅದೇ ಈಗ ಇವರನ್ನು ಸುತ್ತಿ, ಮುಚ್ಚಿ, ರಕ್ತ ಕೊಟ್ಟು ಕೂರಿಸಿಕೊಂಡಿತ್ತು. ಆಪಾಳಿಗೆ ಅದರ ಅರಿವೇ ಇಲ್ಲ, ಅವಳು ಮೇಲಿನ ಫ್ಯಾನ್ ನೋಡುತ್ತ ದುವಾ ಓದುತ್ತಿದ್ದಳು. ನಾನು ಕಣ್ಣೊರೆಸಿಕೊಂಡು ನಿಮ್ಮ ಪ್ರಶ್ನೆ ಕೇಳಿದೆ. ‘ಯಾವ ಮೂಲೆ ಮೇಡಂ?’

‘ಮೂಲೆ ಅಂತೇನಿಲ್ಲಮ್ಮ. ಮೇಲ್ಗಡೆ...’ ಅಂದವರು ನಿಲ್ಲಿಸಿ, ಪರದೆಗೆ ಇನ್ನಷ್ಟು ಬಗ್ಗಿ ನೋಡಿದರು. ‘ತಾತ ಕೇಳಿದ್ರಾ? ಮೇಲ್ಗಡೆ, ಸ್ವಲ್ಪ ಎಡಕ್ಕೆ.’

ಇವತ್ತು ಫಾತಿಹಾ ಮುಗಿದು ಎಲ್ಲರೂ ಕೈ ತೊಳೆಯುವಾಗ ನಿಮ್ಮ ಪೆಟ್ಟಿಗೆಯ ಸೀಮೆಸುಣ್ಣ ತೆಗೆದು ಈ ಮನೆಯ ಬಾಗಿಲ ಮೇಲೆ ‘ಎ’ ಬರೆದೆ. ಹಿಂದೆ ಅತ್ತೆ ಬಂದು ನಿಂತಿದ್ದು ಗೊತ್ತಾಗಲಿಲ್ಲ. ಏನು ಅಂತ ಕೇಳಿದರು. ಹೇಳಿದೆ. ಅಕ್ಷರ, ಎಡ, ಬಲ, ಅಳಿಸೋದು, ಕೊನೆಗೆ ಸುತ್ತು, ಎಲ್ಲ. ಆಮೇಲೆ ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ, ‘ಚಾಂದನಿ ಬಾಗಿಲ ಮೇಲೆ ನಿನ್ನ ನಾನಾ ಏನಂತ ಬರೆದಿದ್ದರು?’ ಅಂದರು.

ಇನ್ನೂ ಏಳು ತಿಂಗಳಿದೆ ನಾನಾ. ಏನು ಬೇಕಾದರೂ ಆಗಬಹುದು ಅಂತ ಡಾಕ್ಟರಮ್ಮನೂ ಹೇಳಿದ್ದಾರೆ. ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದರು.

‘ಇದೇ ಅತ್ತೆ. ಎ’ ಅಂದೆ.

ನಿಮ್ಮ ಸುಳ್ಳು ಇನ್ನು ನನ್ನ ಜವಾಬ್ದಾರಿ, ಮಾತು ಕೊಡುತ್ತಿದ್ದೇನೆ. ಅದು ನನ್ನ ಬಾಯಿಂದ ಎಂದೂ ಹೊರಗೆ ಬೀಳುವುದಿಲ್ಲ. ಅತ್ತೆ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. ಒಂದಕ್ಷರ ಬಾರದ ಹೆಂಗಸು ಕಾಲ್ಬೆರಳ ಮೇಲೆ ನಿಂತು, ನಾಲಗೆ ಕಚ್ಚಿಕೊಂಡು, ಆ ‘ಎ’ಗೆ ತಾವೇ ಸುತ್ತು ಎಳೆದರು. ಮಾಮಿ ಒದ್ದೆ ಬಟ್ಟೆ ಹಿಡಿದು ಬಾಗಿಲು ಒರೆಸಲು ಬಂದಿದ್ದರು. ಅತ್ತೆ ಅಡ್ಡ ನಿಂತರು.

ಸುತ್ತು ಸ್ವಲ್ಪ ಸೊಟ್ಟ, ನಾನಾ. ಆದರೆ ಎರಡೂ ತುದಿ ಕೂಡಿವೆ.